ಬಡಗು ಗೋಡೆಯ ಮಗು

ವಿಬ್ಬುಮ್ ಎಂಬ ನಮ್ಮೂರನ್ನು ಕಟ್ಟಿದ್ದು ದೇವರಲ್ಲ, ದನ. ಸಮುದ್ರ ಮನಸ್ಸು ಬಂದಾಗಲೆಲ್ಲ ಮನೆಯೊಳಗೆ ನುಗ್ಗಿ ಹೋಗುತ್ತಿದ್ದ ಕಾಲದಲ್ಲಿ ಹಿರಿಯರು ಸಗಣಿ, ಜೇಡಿ, ಒಲೆಯ ಬೂದಿ, ಒಡೆದ ಮಡಕೆ ಎಲ್ಲವನ್ನೂ ಒಂದೇ ಕಡೆ ಸುರಿದು, ಅದರ ಮೇಲೆ ಹತ್ತಿ ಕೂತು ಜೀವ ಉಳಿಸಿಕೊಂಡರು. ತಲೆಮಾರುಗಟ್ಟಲೆ ಬುಟ್ಟಿ ಹೊತ್ತರು. ಆಮೇಲೆ ಕಡಲಿಗೆ ಒಡ್ಡು ಬಿತ್ತು, ನೀರು ಹಿಂದೆ ಸರಿಯಿತು, ದಿಬ್ಬ ಉಳಿಯಿತು. ನೆತ್ತಿಯ ಮೇಲೆ ಚರ್ಚು, ಚರ್ಚಿನ ಸುತ್ತ ಸತ್ತವರು, ಸತ್ತವರ ಸುತ್ತ ನಾವು. ಅಜ್ಜಂದಿರು ಹೊತ್ತು ಹಾಕಿದ್ದನ್ನು ಮೊಮ್ಮಕ್ಕಳು ಹೊತ್ತು ಮಾರಿದರು. ತೆಂಕಲ ಕಡೆಯ ಬಡಕಲು ಜೌಗು ನೆಲಕ್ಕೆ ದಿಬ್ಬದ ಮಣ್ಣಿನಂಥ ಗೊಬ್ಬರ ಇನ್ನೊಂದಿಲ್ಲವಂತೆ. ಗುತ್ತಿಗೆದಾರ ಹಾರ್ಮೆನ್ ಬಂದ, ಕಾಲುವೆ ತೋಡಿಸಿದ, ಸಣ್ಣ ಹಳಿ ಹಾಸಿದ, ಊರಿನ ಪಡುವಣ ಅರ್ಧವನ್ನು ಚೀಸು ಕೊಯ್ದ ಹಾಗೆ ಕೊಯ್ದು ದೋಣಿಗೆ ತುಂಬಿ ಕಳಿಸಿದ. ಊರವರು ಹೊಸ ಕಿಟಕಿ ಹಾಕಿಸಿಕೊಂಡರು.

ಆ ವರ್ಷ ಚಳಿ ಬಿಡುವ ಹೊತ್ತಿಗೆ ಹಾರ್ಮೆನ್‌ನಿಗೆ ದಿಬ್ಬದ ಇನ್ನೊಂದು ಪಟ್ಟಿ ನೆಲ ಬೇಕಾಯಿತು. ಉಳಿದಿದ್ದದ್ದು ಎರಡೇ. ಒಂದು, ಚರ್ಚಿನ ಬಡಗು ಗೋಡೆಯ ಬದಿ. ಇನ್ನೊಂದು, ಟೇಕೆ ಮುದುಕನ ಮನೆಯ ಹಿಂದಿನ ಇಳಿಜಾರು. ಊರ ಸಭೆಯವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟೇಕೆಯ ಮನೆಯವರು ಕೊಟ್ಟರೆ ಇಳಿಜಾರು, ಕೊಡದಿದ್ದರೆ ಗೋಡೆಯ ಬದಿ ಎಂದು ತೀರ್ಮಾನಿಸಿ ಕೈ ತೊಳೆದುಕೊಂಡರು.

ಬಡಗು ಗೋಡೆಯ ಬದಿಯಲ್ಲಿ ಕಲ್ಲಿಲ್ಲ, ಹೆಸರಿಲ್ಲ, ಬಿಸಿಲೂ ಇಲ್ಲ. ದೀಕ್ಷಾಸ್ನಾನ ಆಗುವ ಮೊದಲೇ ಹೋದ ಕೂಸುಗಳನ್ನು ಇಡುವ ಜಾಗ ಅದು. ಟೇಕೆಯ ಸೊಸೆ ಹಿಸ್ಕೆ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದಳು. ಏಳು ವರ್ಷದ ಹಿಂದೆ ಅವಳ ಚೊಚ್ಚಲ ಮಗ ಸತ್ತೇ ಹುಟ್ಟಿದ. ಅಂಥ ಕೂಸನ್ನು ತಾಯಿಗೆ ತೋರಿಸುವ ವಾಡಿಕೆ ನಮ್ಮಲ್ಲಿಲ್ಲ. ಅವಳು ಗೋಡೆಯೊಳಗೆ ಬೀರುವಿನಂತೆ ಕೂರಿಸಿದ ಮಂಚದಿಂದ ಏಳುವ ಮೊದಲೇ ಮನೆಯ ಹಿರಿಯ ಗಂಡಸು ಎತ್ತಿಕೊಂಡು ಹೋಗಿಬಿಡಬೇಕು. "ಬಡಗು ಗೋಡೆ ಹತ್ರ, ಮೂಲೆ ಮರದಡಿ ಇಟ್ಟಿದಾರೆ" ಎಂದು ಅತ್ತೆ ಬೌಕೆ ಹೇಳಿದ್ದಳು. ಹಿಸ್ಕೆ ಆ ಮರದಡಿ ನಿಲ್ಲುತ್ತಿದ್ದಳು. ಪಕ್ಕದ ಮನೆಯ ಯಿಮ್ಕೆಯ ಎರಡು ಕೂಸುಗಳೂ ಅಲ್ಲೇ ಇದ್ದವು. ಇಬ್ಬರೂ ಜೊತೆಗೆ ನಿಂತು, ಒಂದೊಂದು ಪೆಪ್ಪರ್‌ಮಿಂಟ್ ಚೀಪಿ, ಮನೆಗೆ ಬರುತ್ತಿದ್ದರು.

ಸುದ್ದಿ ಬಂದ ದಿನ ಮಧ್ಯಾಹ್ನ ಬೌಕೆ ಆಲೂಗೆಡ್ಡೆಯ ಬಾಣಲೆಯನ್ನು ಮೇಜಿನ ನಡುವೆ ಇಟ್ಟಳು. ಎಲ್ಲರೂ ಅದರಲ್ಲೇ ಫೋರ್ಕು ಚುಚ್ಚಿ, ಹಂದಿಕೊಬ್ಬಿನಲ್ಲಿ ಅದ್ದಿ ತಿನ್ನುವವರು.

"ಇಳಿಜಾರು ಕೊಟ್ಬಿಡೋಣ," ಎಂದಳು ಬೌಕೆ. "ಅಲ್ಲಿ ಬೆಳೆಯೋದಾದ್ರೂ ಏನು? ಆಡು ಮೇಯೋಕೆ ಹೋದ್ರೆ ಜಾರಿ ಬೀಳತ್ತೆ. ಕೊಟ್ಟಿಗೆಗೆ ಹೊಸ ಸೂರಾದ್ರೂ ಆಗತ್ತೆ."

"ನಂದೂ ಅದೇ ಮಾತು ಅತ್ತೆ," ಎಂದಳು ಹಿಸ್ಕೆ.

ಅವಳ ಗಂಡ ಲೀವೆ ಫೋರ್ಕನ್ನು ಗಾಳಿಯಲ್ಲೇ ಹಿಡಿದುಕೊಂಡ. "ಏನಪ್ಪಾ ಇದು! ಅತ್ತೆ ಸೊಸೆ ಇಬ್ಬರದೂ ಒಂದೇ ಮಾತು! ಇವತ್ತು ಸಮುದ್ರ ಒಡ್ಡು ದಾಟಿ ಬರತ್ತೆ ನೋಡ್ತಿರಿ."

ಐದು ವರ್ಷದ ಮಗಳು ಯೆಲ್ಟಿ ಕಿಟಕಿಯ ಕಡೆ ನೋಡಿದಳು. "ಬಂತಾ ಅಪ್ಪಾ?"

"ಬೇಡ," ಎಂದ ಟೇಕೆ.

ಎಲ್ಲರೂ ಮುದುಕನ ಕಡೆ ತಿರುಗಿದರು. ಆ ಮನೆಯಲ್ಲಿ ಅವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಅದು ಗೊತ್ತಿದ್ದೇ ಅವನು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಜಮೀನು ಇನ್ನೂ ಅವನ ಹೆಸರಿನಲ್ಲೇ ಇತ್ತು.

"ಯಾಕೆ ಮಾವ?" ಎಂದು ಕೇಳಿದಳು ಹಿಸ್ಕೆ. "ಒಂದು ಕಾರಣ ಹೇಳಿ."

"ಇಳಿಜಾರು ಬೇಡ. ಅಷ್ಟೇ."

"ನೀವು ಕೊಡಲ್ಲ ಅಂದ್ರೆ ಅವರು ಗೋಡೆ ಹತ್ರ ಅಗೀತಾರೆ. ನನ್ನ ಮಗು ಇದೆ ಅಲ್ಲಿ! ನೀವೇ ಇಟ್ಟು ಬಂದಿದೀರಿ. ಅವನ ಮೇಲೆ ಸಲಿಕೆ ಬೀಳ್ಲಿ ಅಂತೀರಾ?"

ಟೇಕೆ ಹೆಂಡತಿಯ ಮುಖ ನೋಡಿದ. ಬೌಕೆ ಬಾಣಲೆಯ ತಳ ಕೆರೆಯುತ್ತಿದ್ದಳು.

"ಅರಳು ಮರಳು," ಎಂದಳು ಅವಳು, ತಲೆ ಎತ್ತದೆ. ಆಮೇಲೆ ಸೊಸೆಯ ಕಡೆ ತಿರುಗಿ, "ಬಂದು ಎಂಟು ವರ್ಷ ಆಯ್ತು ನೀನು. ಮೊದಲನೇ ಸಲ ಈ ಮನೆಗೆ ಆಗೋ ಮಾತಾಡಿದೀಯ. ಇನ್ನೂ ಈ ಮನೆಯವಳಾಗಿಲ್ಲ, ಆದ್ರೂ ಪರ್ವಾಗಿಲ್ಲ," ಎಂದಳು.

ಅವತ್ತಿನಿಂದ ಹಿಸ್ಕೆ ಮುದುಕನ ಬೆನ್ನು ಬಿದ್ದಳು. ಮಗುವಿನ ವಿಷಯ ಬಂದರೆ ಒಳ್ಳೆಯವರೂ ಒಳ್ಳೆಯವರಾಗಿ ಉಳಿಯುವುದಿಲ್ಲ. ಬೆಳಗಿನ ಕಾಫಿಯನ್ನು ಅವನಿಗೆ ಮಾತ್ರ ನೀರು ಮಾಡಿ ಕೊಟ್ಟಳು. ಅವನ ಕುರ್ಚಿಯನ್ನು ಒಲೆಯ ಬಳಿಯಿಂದ ಎತ್ತಿ ಬಾಗಿಲ ಹತ್ತಿರ, ಗಾಳಿ ಬೀಸುವ ಕಡೆ ಇಟ್ಟಳು. ಹೊಗೆಸೊಪ್ಪಿನ ಡಬ್ಬಿಯನ್ನು ಬೀರುವಿನೊಳಗೆ ಹಾಕಿ ಬೀಗ ಜಡಿದಳು.

"ಹಿಸ್ಕೆ, ಒಂದು ಚಿಟಿಕೆ ಕೊಡಮ್ಮ."

"ಹೂಂ ಅಂತ ಹೇಳಿ, ಡಬ್ಬೀನೇ ಕೊಡ್ತೀನಿ."

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು."

"ನಂಗೆ ಬೇರೆ ಏನೂ ಬೇಡ. ಹುಟ್ಟಿದಾಗ ಮುಖ ನೋಡೋಕೆ ಬಿಡ್ಲಿಲ್ಲ ನೀವು. ಈಗಲಾದ್ರೂ ಮಲಗೋಕೆ ಬಿಡಿ ಅವನನ್ನ."

ಮುದುಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದ. ಲೀವೆಯಂತೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಹಾಲು ಕರೆದ, ಸಗಣಿ ಬಾಚಿದ, ಉಂಡ, ಮಲಗಿದ.

ಆ ವಾರದಲ್ಲೇ ವಸಂತದ ದೊಡ್ಡ ಒಗೆತ ಬಂತು. ಹಿಸ್ಕೆ ತವರಿನಿಂದ ತಂದ ಲಿನನ್ ಬಟ್ಟೆಯನ್ನೆಲ್ಲ ಒಗೆದು, ಹುಲ್ಲಿನ ಮೇಲೆ ಹರವಿ, ಮಡಿಸಿ ಕಟ್ಟಿದಳು. ಒಂದೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಅವಳೇ ಹೊಲಿದ ಅವಳ ಹೆಸರಿನ ಅಕ್ಷರ. ದಿಂಬಿನ ಗವುಸು ಹನ್ನೆರಡು ಇರಬೇಕು, ಯಾವತ್ತಿನ ಹಾಗೆ ಹನ್ನೊಂದೇ ಇದ್ದವು.

"ಆ ಕೆಲಸದ ಹುಡುಗಿ ಹಾಳಾಗಿ ಹೋಗ್ಲಿ," ಎಂದು ಗೊಣಗಿದಳು. "ನಾನು ಬಾಣಂತಿ ಆಗಿ ಮಲಗಿದ್ದಾಗಲೇ ಹೊಡ್ಕೊಂಡು ಹೋದಳು."

"ಅದಕ್ಕೇ ಅವಳನ್ನ ಓಡಿಸಿದ್ದಲ್ವಾ," ಎಂದಳು ಬೌಕೆ, ಹಾಳೆಯ ಇನ್ನೊಂದು ತುದಿ ಹಿಡಿದು ಕೊಡವುತ್ತ. "ಸರಿಯಾಗಿ ಎಳಿ. ಸುಕ್ಕು ಬೀಳತ್ತೆ."

ಮುದುಕ ಒಪ್ಪಿದ್ದು ಅದರ ಮಾರನೆಯ ದಿನ. ಬೌಕೆ ಅವನನ್ನು ದೊಡ್ಡ ಬೈಬಲ್ ಇರುವ ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೊರಗೆ ಹಿಸ್ಕೆಗೆ ಕೇಳಿಸಿದ್ದು ಒಂದೇ ಮಾತು: "ಈ ಪುಸ್ತಕದ ಮೇಲೆ ಕೈ ಇಟ್ಟಿದೀರಿ, ನೆನಪಿರ್ಲಿ." ಅದು ಮಾರಾಟದ ಮಾತೇ ಎಂದು ಅವಳು ತಿಳಿದಳು. ಟೇಕೆ ಹೊರಗೆ ಬಂದು, ಹಾರ್ಮೆನ್ ಚಾಚಿದ ಪತ್ರಕ್ಕೆ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಕೊಟ್ಟಿಗೆಗೆ ನಡೆದ. ಹಿಸ್ಕೆ ಅವನ ಹಿಂದೆಯೇ ಓಡಿ ಹೊಗೆಸೊಪ್ಪಿನ ಡಬ್ಬಿಯನ್ನು ಕೈಗಿಟ್ಟಳು. ಅವಳಿಗೆ ಅಳು ಬಂದಿತ್ತು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮಾವ."

ಟೇಕೆ ಡಬ್ಬಿಯನ್ನು ತೆರೆಯದೆ ಹಸುವಿನ ಗೊಂತಿನ ಮೇಲೆ ಇಟ್ಟ.

ಹಾರ್ಮೆನ್ ಒಂದು ಮಾತು ಹೇಳಿ ಹೋಗಿದ್ದ: "ನಾವು ಬರೋ ತನಕ ಇಳಿಜಾರಿನಲ್ಲಿ ಒಂದು ಬುಟ್ಟಿ ಮಣ್ಣೂ ಅಲ್ಲಾಡಬಾರದು. ಊರೋರೆಲ್ಲ ಹಿತ್ತಲಿಗೆ ಅಂತ ಕದ್ದು ಒಯ್ತಾರೆ. ಅಗೆದದ್ದು ಕಂಡ್ರೆ ವ್ಯಾಪಾರ ರದ್ದು. ನಂಗೆ ಗೋಡೆ ಹತ್ರ ಜಾಗ ಇದ್ದೇ ಇದೆ." ಹಿಸ್ಕೆ ಹಗಲೆಲ್ಲ ಹಿತ್ತಲ ಬಾಗಿಲಲ್ಲೇ ಕೂತು ಆಲೂಗೆಡ್ಡೆ ಸುಲಿದಳು, ಕಾಲುಚೀಲ ಹೆಣೆದಳು, ಮಣ್ಣು ಕೆದಕಿದ ನೆರೆಮನೆಯ ಕೋಳಿಗಳನ್ನೂ ಕಲ್ಲು ಹೊಡೆದು ಓಡಿಸಿದಳು.

ಅಗೆಯುವವರು ಬರಬೇಕಾದ ದಿನ ಬೆಳಗ್ಗೆ, ಹಾಲು ಕರೆಯುವ ಹೊತ್ತಿಗೆ, ಹಿತ್ತಲಲ್ಲಿ ಸಲಿಕೆಯ ಸದ್ದಾಯಿತು. ಹಿಸ್ಕೆ ಬಕೆಟ್ಟು ಅಲ್ಲೇ ಬಿಟ್ಟು ಓಡಿದಳು. ಮಂಜಿನಲ್ಲಿ ಟೇಕೆ ಇಳಿಜಾರಿನ ಮುಳ್ಳಿನ ಗೂಸ್‌ಬೆರಿ ಪೊದೆಯ ಬುಡದಲ್ಲಿ ಮೊಣಕಾಲೂರಿ ಅಗೆಯುತ್ತಿದ್ದ. ಆಗಲೇ ಒಂದು ಮೊಳ ಇಳಿದಿದ್ದ. ಪಕ್ಕದಲ್ಲಿ ಒಂದು ಗೋಣಿಚೀಲ ಬಿದ್ದಿತ್ತು.

"ಏನು ಮಾಡ್ತಿದೀರಾ ಮಾವ!"

"ಈ ಪೊದೆ... ಈ ಪೊದೆ ಕಿತ್ತು ಬೇರೆ ಕಡೆ ನೆಡ್ತೀನಿ ಮಗಳೇ. ಒಂದು ಗಳಿಗೆ. ಒಂದೇ ಗಳಿಗೆ ಬಿಡು."

"ಪೊದೆಯಂತೆ! ಹಾರ್ಮೆನ್ ಇನ್ನೇನು ಬಂದ. ಅವನು ನೋಡಿದ್ರೆ ಗೋಡೆ ಹತ್ರ ಹೋಗ್ತಾನೆ, ಗೊತ್ತಿಲ್ವಾ ನಿಮ್ಗೆ?"

"ಕೈ ಮುಗೀತೀನಿ ಹಿಸ್ಕೆ. ಸ್ವಲ್ಪ ಉಳಿದಿದೆ ಅಷ್ಟೇ."

"ನಾಚಿಕೆ ಆಗಲ್ವಾ? ನಾಲ್ಕು ಹಣ್ಣಿಗೋಸ್ಕರ ಮೊಮ್ಮಗನ ಎಲುಬು ಎತ್ತಿಸ್ತೀರಾ?"

ಮುದುಕ ಬಾಯಿ ತೆರೆದ. ಹಿತ್ತಲ ಬಾಗಿಲಲ್ಲಿ ಬೌಕೆ ಶಾಲು ಹೊದ್ದು ನಿಂತಿದ್ದಳು. ಅವನು ಬಾಯಿ ಮುಚ್ಚಿದ. ಹಿಸ್ಕೆ ಅವನ ಕೈಯ ಸಲಿಕೆ ಹಿಡಿದಳು. ಅವನು ಬಿಡಲಿಲ್ಲ, ಅವಳು ಜಗ್ಗಿದಳು, ಅವನು ಮುಖ ಅಡಿಯಾಗಿ ಒದ್ದೆ ಮಣ್ಣಿನ ಮೇಲೆ ಬಿದ್ದ. ಅವಳೇ ಗುಂಡಿಯನ್ನು ಮುಚ್ಚಿದಳು, ಮರದ ಪಾದರಕ್ಷೆಯಲ್ಲಿ ತುಳಿದು ತುಳಿದು ಗಟ್ಟಿ ಮಾಡಿದಳು, ಮೇಲೆ ಒಣ ಎಲೆ ಹರಡಿದಳು. ಹಾರ್ಮೆನ್ ಬಂದಾಗ ಏನೂ ಗೊತ್ತಾಗಲಿಲ್ಲ.

ಅಗೆತ ಮೂರು ವಾರ ನಡೆಯಿತು. ಮಣ್ಣು ತುಂಬಿದ ಸಣ್ಣ ಬಂಡಿಗಳು ಹಳಿಯ ಮೇಲೆ ಕಿರುಗುಟ್ಟುತ್ತ ಕಾಲುವೆಗೆ ಇಳಿದವು. ಹಿತ್ತಲ ಬಾಗಿಲು ತೆರೆದರೆ ಈಗ ಆಳೆತ್ತರದ ಕಡಿದಾದ ಕರಿಗೋಡೆ, ಅದರಲ್ಲಿ ಚಿಪ್ಪು, ಬೂದಿಯ ಗೆರೆ, ಹಸುವಿನ ಹಲ್ಲು. ಭಾನುವಾರ ಹಿಸ್ಕೆ ಮತ್ತು ಯಿಮ್ಕೆ ಬಡಗು ಗೋಡೆಯ ಬಳಿ ನಿಂತರು.

"ನಿನ್ನ ದೆಸೆಯಿಂದ ನನ್ನವೂ ಉಳಿದ್ವು ಕಣೆ," ಎಂದು ಯಿಮ್ಕೆ ಅವಳ ಕೈ ಹಿಡಿದುಕೊಂಡಳು. "ಈ ಋಣ ನಾನು ಮರೆಯಲ್ಲ."

ಕೊನೆಯ ದೋಣಿ ಹೋದ ಮಾರನೆಯ ದಿನ ಹಾರ್ಮೆನ್ ಹಿತ್ತಲಿಗೆ ಬಂದ, ಕೈಯಲ್ಲಿ ಒಂದು ಮುದ್ದೆ ಬಟ್ಟೆ. ಹಿಸ್ಕೆ ಹಾಲಿನ ಪಾತ್ರೆ ಉಜ್ಜುತ್ತಿದ್ದಳು.

"ತಗೊಳ್ಳಮ್ಮ, ನಿಮ್ಮನೇದೇ ಇರ್ಬೇಕು. ನನ್ನ ಹೆಂಡ್ತಿ ಅಕ್ಷರ ನೋಡಿ ಹೇಳಿದ್ಲು. ಒಳ್ಳೆ ಲಿನನ್ನು, ನೆನೆಸಿದ್ರೆ ಬಿಳಿ ಬರತ್ತೆ."

ಹಿಸ್ಕೆ ಬಿಡಿಸಿದಳು. ಮಣ್ಣಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಗವುಸು. ಮೂಲೆಯಲ್ಲಿ ಅವಳದೇ ಕೆಂಪು ಹೊಲಿಗೆ.

"ಎಲ್ಲಿತ್ತು ಇದು?"

"ಆ ಮುಳ್ಳುಪೊದೆ ಬುಡದಲ್ಲಿ. ಒಂದು ಚಹಾ ಪೆಟ್ಟಿಗೆ, ಅದರೊಳಗೆ ಇದು ಸುತ್ತಿತ್ತು. ಸಣ್ಣ ಸಣ್ಣ ಎಲುಬು. ಹುಡುಗರು ಬೆಕ್ಕು ಅಂದ್ರು." ಹಾರ್ಮೆನ್ ನಕ್ಕ. "ಬೆಕ್ಕಿಗೆ ಯಾರಮ್ಮ ಇಂಥ ಗವುಸು ಸುತ್ತುತಾರೆ? ನಿಮ್ಮತ್ತೆ ಕೈ ಬಿಗಿ ಅಂತ ಕೇಳಿದ್ದೆ ನಾನು."

"ಎಲುಬು ಎಲ್ಲಿ?"

"ದೋಣಿಗೆ ಹೋಯ್ತು, ಮಣ್ಣಿನ ಜೊತೆ. ಎಲುಬು ಇದ್ರೆ ಆಲೂಗೆಡ್ಡೆ ಚೆನ್ನಾಗಿ ಬರತ್ತೆ ಅಂತ ಆ ಕಡೆಯೋರು ಕೇಳಿ ತಗೋತಾರೆ."

"ಯಾವ ಊರಿಗೆ?"

"ಯಾರಿಗ್ಗೊತ್ತು? ದಾರೀಲಿ ಯಾರು ಕೇಳಿದ್ರೆ ಅವರಿಗೆ ಸುರೀತಾ ಹೋಗ್ತಾರೆ." ಅವನು ಅವಳ ಮುಖವನ್ನು ಆಗ ಸರಿಯಾಗಿ ನೋಡಿದ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೊರಟುಹೋದ.

ಒಳಗೆ ಎಲ್ಲರೂ ಮಜ್ಜಿಗೆ ಗಂಜಿಗೆ ಕೂತಿದ್ದರು. ಹಿಸ್ಕೆ ಗವುಸನ್ನು ಮೇಜಿನ ಮೇಲೆ, ಬಟ್ಟಲುಗಳ ನಡುವೆ ಇಟ್ಟಳು.

"ಅತ್ತೆ, ನನ್ನ ಮಗು ಎಲ್ಲಿತ್ತು?"

ಬೌಕೆ ಗವುಸು ನೋಡಿದಳು, ಸೌಟು ಕೆಳಗಿಟ್ಟಳು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ತ್ರೀನಾ ಮದುವೆಗೆ ನಾಲ್ಕು ದಿನ ಇತ್ತು," ಎಂದಳು. ತ್ರೀನಾ ಅವಳ ಮಗಳು. "ಗೋಡೆ ಹತ್ರ ಇಡ್ಬೇಕು ಅಂದ್ರೆ ಚರ್ಚಿನ ಗಂಟೆ ಹೊಡೆಯೋನಿಗೆ ಹೇಳ್ಬೇಕು, ನೆರೆಯವರಿಗೆ ಹೇಳ್ಬೇಕು. ಕಿಟಕಿ ಮುಚ್ಚಿ, ಕರಿ ಬಟ್ಟೆ ಉಟ್ಕೊಂಡು ಊರೆಲ್ಲ ಇಲ್ಲಿ ಬಂದು ಕೂತಿದ್ರೆ ಮದುವೆ ಆಗ್ತಿತ್ತಾ? ಗಂಡಿನ ಕಡೆಯೋರು ಮೊದಲೇ ಮೂಗು ಮುರೀತಿದ್ರು. ಉಸಿರೇ ಆಡದ ಕೂಸಿಗೋಸ್ಕರ ಉಸಿರಾಡೋ ಮಗಳನ್ನ ಮೂಲೇಲಿ ಕೂರಿಸ್ಲಾ?"

"ಏಳು ವರ್ಷ ನಾನು ಆ ಗೋಡೆ ಹತ್ರ ನಿಂತೆ."

"ನಿಂತೆ. ಸಮಾಧಾನ ಆಗ್ತಿತ್ತು ತಾನೆ? ಅದರಿಂದ ನಿಂಗೇನು ಕಡಿಮೆ ಆಯ್ತು?"

"ಇಳಿಜಾರು ಕೊಡೋಣ ಅಂತ ನಾನು ಬಾಯಿ ಬಡ್ಕೊಂಡಾಗಲಾದ್ರೂ..."

"ಬಡ್ಕೊಂಡೋಳು ನೀನು. ನಾನೇನು ಹೇಳಿಕೊಟ್ಟಿದ್ನಾ?"

ಹಿಸ್ಕೆ ಗಂಡನ ಕಡೆ ತಿರುಗಿದಳು. "ಲೀವೆ, ನಿಂಗೂ ಗೊತ್ತಿತ್ತಾ?"

ಲೀವೆ ಗಂಜಿಯ ಬಟ್ಟಲನ್ನೇ ನೋಡುತ್ತಿದ್ದ. "ಅಮ್ಮ ಹೇಳಿದ್ಲು, ಹೇಳ್ದೇ ಇರೋದೇ ಒಳ್ಳೇದು ಅಂತ. ಆಮೇಲೆ ಯಾವಾಗ ಹೇಳೋದು? ಹೊತ್ತು ಮೀರಿಹೋಗಿತ್ತು." ಚಮಚ ಎತ್ತಿಕೊಂಡು, "ಇನ್ನೊಂದು ಹುಟ್ಟಿತಲ್ಲ," ಎಂದ. ಇನ್ನೊಂದು ಎಂದರೆ ಯೆಲ್ಟಿ. ಅವಳು ಚಮಚ ಬಾಯಲ್ಲಿಟ್ಟುಕೊಂಡು ಎಲ್ಲರನ್ನೂ ನೋಡುತ್ತಿದ್ದಳು.

ಬಾಗಿಲ ಹತ್ತಿರದ ಕುರ್ಚಿಯಿಂದ ಟೇಕೆಯ ದನಿ ಬಂತು. ಆ ಕುರ್ಚಿಯನ್ನು ಮತ್ತೆ ಒಲೆಯ ಬಳಿಗೆ ಸರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಹೇಳಲ್ಲ ಅಂತ ಆಣೆ ಮಾಡಿದ್ದೆ ಮಗಳೇ. ಅದಕ್ಕೇ ಸುಮ್ಮನೆ ಎತ್ತಿ ಗೋಡೆ ಹತ್ರ ಇಟ್ಟು ಬಂದ್ಬಿಡೋಣ ಅಂತ ಹೋಗಿದ್ದೆ. ಸಲಿಕೆಗೆ ಪೆಟ್ಟಿಗೆ ತಾಗಿತ್ತು. ನೀನು ಕಿತ್ಕೊಂಡೆ."

ಹಿಸ್ಕೆ ತನ್ನ ಪಾದರಕ್ಷೆಗಳನ್ನು ನೋಡಿಕೊಂಡಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ಬೌಕೆ ಯೆಲ್ಟಿಯ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿ, "ಆರೋಕೆ ಮುಂಚೆ ತಿನ್ನು," ಎಂದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಶನಿವಾರ ಹಿಸ್ಕೆ ಗವುಸನ್ನು ನೆನೆಸಿ, ಕುದಿಸಿ, ಹುಲ್ಲಿನ ಮೇಲೆ ಬಿಸಿಲಿಗೆ ಹಾಕಿ, ಗಂಜಿ ಹಾಕಿ ಇಸ್ತ್ರಿ ಮಾಡಿದಳು. ನಡುವಿನ ಕಂದು ಕಲೆಯೊಂದು ಹೋಗಲೇ ಇಲ್ಲ. ಸಂಜೆ ಅದನ್ನು ಅತ್ತೆಯ ದಿಂಬಿಗೆ ತೊಡಿಸಿ, ಅಕ್ಷರ ಮೇಲೆ ಕಾಣುವ ಹಾಗೆ ಇಟ್ಟಳು.

"ಮಲ್ಕೊಳ್ಳಿ ಅತ್ತೆ."

ಬೌಕೆ ದಿಂಬನ್ನು ನೋಡಿದಳು, ಸೊಸೆಯನ್ನು ನೋಡಿದಳು. ಟೋಪಿ ಬಿಚ್ಚಿಟ್ಟು, ಮಂಚ ಹತ್ತಿ, ಕಲೆಯ ಮೇಲೆ ಕೆನ್ನೆಯಿಟ್ಟು ಮಲಗಿದಳು. "ಗಂಜಿ ಜಾಸ್ತಿಯಾಯ್ತು," ಎಂದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಟೇಕೆಗೆ ಮಾತ್ರ ಆ ಮಂಚ ಹತ್ತಲು ಆಗಲಿಲ್ಲ. ಅಂದಿನಿಂದ ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಮಲಗಿದ, ಚಳಿ ಶುರುವಾಗುವ ಹೊತ್ತಿಗೆ ಎದೆ ಕಟ್ಟಿ ಸತ್ತ. ಗಂಟೆ ಹೊಡೆಯಿತು, ಕಿಟಕಿ ಮುಚ್ಚಿದರು, ನೆರೆಯವರು ಕರಿ ಬಟ್ಟೆ ಉಟ್ಟು ಬಂದು ಹೆಣ ತೊಳೆದರು, ಹೊತ್ತುಕೊಂಡು ಚರ್ಚಿಗೆ ಮೂರು ಸುತ್ತು ಬಂದರು. ಎಲ್ಲವೂ ಕ್ರಮವಾಗಿ ಆಯಿತು ಎಂದು ಬೌಕೆ ತೃಪ್ತಿಯಿಂದ ಎಲ್ಲರಿಗೂ ಕಾಫಿ ಕೊಟ್ಟಳು. ಹಿಸ್ಕೆ ಮತ್ತೆ ಬಡಗು ಗೋಡೆಯ ಬಳಿ ಹೋಗಲೇ ಇಲ್ಲ. ಭಾನುವಾರಗಳಲ್ಲಿ ಯಿಮ್ಕೆ ಒಬ್ಬಳೇ ನಿಂತು ಹೋಗುತ್ತಿದ್ದಳು.

ಮುಂದಿನ ವಸಂತಕ್ಕೆ ಹಾರ್ಮೆನ್ ಮತ್ತೆ ಬಂದ. ಇಳಿಜಾರು ಮುಗಿದಿತ್ತು, ಈಗ ಗೋಡೆಯ ಬದಿಯೂ ಬೇಕು. ಊರ ಸಭೆಯವರು, ಅಲ್ಲಿ ಕೂಸು ಇಟ್ಟ ಮನೆಗಳಲ್ಲಿ ಎರಡು ಮನೆಯವರು ಬೇಡ ಎಂದರೆ ಬಿಟ್ಟುಬಿಡೋಣ ಎಂದರು. ಒಂದು ಮನೆ ಯಿಮ್ಕೆಯದು, ಇನ್ನೊಂದು ಹಿಸ್ಕೆಯದು. ಉಳಿದವರು ಸತ್ತೋ, ಊರು ಬಿಟ್ಟೋ ಹೋಗಿದ್ದರು. ಯಿಮ್ಕೆ ಹಾರ್ಮೆನ್‌ನಿಗಿಂತ ಮುಂಚೆ ಓಡಿಬಂದು, ಏದುಸಿರು ಬಿಡುತ್ತ, ಹಿಸ್ಕೆಯ ಅಡುಗೆಮನೆಯಲ್ಲಿ ನಿಂತಳು. ಟೇಕೆ ಆ ಕೂಸನ್ನು ಹೂತಿದ್ದ ಜಾಗ ಯಾವುದೆಂದು ಆ ಮನೆಯಿಂದ ಹೊರಗೆ ಯಾರಿಗೂ ತಿಳಿದಿರಲಿಲ್ಲ, ಬೌಕೆ ತಿಳಿಯಗೊಟ್ಟಿರಲಿಲ್ಲ.

"ಬೇಡ ಅಂತ ಒಂದು ಮಾತು ಹೇಳು ಹಿಸ್ಕೆ. ನಿಂದೂ ಇದೆ, ನಂದೂ ಇವೆ. ಹೋದ ಸಲ ನೀನೇ ತಾನೆ ಉಳಿಸ್ದೆ!"

ಹಾರ್ಮೆನ್ ಹೊಸ್ತಿಲಲ್ಲಿ ಟೋಪಿ ತಿರುಗಿಸುತ್ತ ನಿಂತ. ಮೂಲೆಯಲ್ಲಿ ಬೌಕೆ ಕಾಲುಚೀಲ ಹೆಣೆಯುತ್ತಿದ್ದಳು, ಕಡ್ಡಿಗಳು ನಿಂತವು. ಹಿಸ್ಕೆ ಆಲೂಗೆಡ್ಡೆ ಸುಲಿಯುತ್ತಿದ್ದಳು. ಸುಲಿದ ಒಂದನ್ನು ನೀರಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಳು.

"ಅಗೀರಿ," ಎಂದಳು. "ಅಲ್ಲಿ ನಮ್ಮೋರು ಯಾರೂ ಇಲ್ಲ."

"ಹಿಸ್ಕೆ!" ಎಂದಳು ಯಿಮ್ಕೆ. "ನನ್ನ ಎರಡು ಕೂಸು ಕಣೇ!"

"ದೋಣಿಗೆ ಹೋಗ್ತಾವೆ. ಏನೀಗ? ನಂದೂ ಹೋಯ್ತು."

ಯಿಮ್ಕೆ ಬಾಗಿಲಲ್ಲಿದ್ದ ಹಾರ್ಮೆನ್‌ನನ್ನು ಸರಿಸಿಕೊಂಡು ಹೊರಗೆ ಹೋದಳು. ಅವಳ ಅಳು ಹಿತ್ತಲು ದಾಟುವವರೆಗೂ ಕೇಳುತ್ತಿತ್ತು. ಹಾರ್ಮೆನ್ ಕಾಗದ ಮೇಜಿನ ಮೇಲಿಟ್ಟ, ಹಿಸ್ಕೆ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದಳು.

ಬೌಕೆ ಎದ್ದು ಬಂದು, ಸೊಸೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಇನ್ನೊಂದು ಚಾಕು ತೆಗೆದುಕೊಂಡು ತಾನೂ ಸುಲಿಯತೊಡಗಿದಳು. ಒಂಬತ್ತು ವರ್ಷದಲ್ಲಿ ಹಾಗೆ ಕೂತದ್ದು ಅದೇ ಮೊದಲು.

"ಈಗ ನೋಡು," ಎಂದಳು ಬೌಕೆ, ಸೊಸೆಯ ತೋಳು ತಟ್ಟಿ, "ಈಗ ನೀನು ಈ ಮನೆಯವಳಾದೆ."

ಹಿಸ್ಕೆ ಸಿಪ್ಪೆಯ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು.